ನಟ್ಟಿನ ಮೇಲಿನ ಕೆಂಪು

ಚಹಾಕ್ಕೆ ಮುಂಚೆ ಕೈ ತೊಳೆಯುವಾಗ ನಲ್ಲಿಯ ಕೆಳಗಿನ ಹಾಸುಗಲ್ಲಿನ ಮೇಲೆ ಕೆಂಪು ನೀರು ಹರಿಯಿತು. ಬೆರಳು ಎಲ್ಲೋ ಕೊಯ್ದುಕೊಂಡಿತೆಂದು ಸುರೇಶಕುಮಾರ ಹೆಬ್ಬೆರಳನ್ನು ಬಿಸಿಲಿಗೆ ಹಿಡಿದು ನೋಡಿದ. ಗಾಯವಿರಲಿಲ್ಲ. ಉಗುರಿನ ಸಂದಿಯಲ್ಲಿ ಮಾತ್ರ ಒಂದಿಷ್ಟು ಕೆಂಪು ಉಳಿದಿತ್ತು, ಉಜ್ಜಿದರೆ ಅದೂ ತಿಳಿಯಾಗಿ ಕಲ್ಲಿನ ಮೇಲೆ ಜಾರಿ ಮೋರಿಗೆ ಹೋಯಿತು. ಹೋಗಬಾರದಿತ್ತು. ನಟ್ಟು ಬಿಗಿದ ಮೇಲೆ ನಟ್ಟಿಗೂ ಬೋಲ್ಟಿಗೂ ಸೇರಿಸಿ ಎಳೆಯುವ ಕೆಂಪು ಬಣ್ಣದ ಗೆರೆ ನೀರಿಗೆ ಹೋಗುವ ಜಾತಿಯದಲ್ಲ. ಒಮ್ಮೆ ಅವನ ಅಂಗಿಯ ತೋಳಿಗೆ ಹತ್ತಿದ್ದು ಮೂರು ವರ್ಷವಾದರೂ ಹೋಗಿಲ್ಲ. ಹೆಂಡತಿ ಲುಂಬಿನಿ ಕೊನೆಗೆ ಆ ಅಂಗಿಯನ್ನು ನೆಲ ಒರೆಸಲು ಹಾಕಿಕೊಂಡಿದ್ದಾಳೆ. ಅವನು ಹೆಬ್ಬೆರಳನ್ನು ಮೂಗಿಗೆ ಹಿಡಿದ. ಬಣ್ಣದ ಘಾಟು ಇರಲಿಲ್ಲ, ಕೊಬ್ಬರಿ ಎಣ್ಣೆಯ ವಾಸನೆ ಇತ್ತು. ವಾಡಿಯ ಕಡೆಯ ಕಲ್ಲುಗಣಿಯಲ್ಲಿ ಅದೇ ಹೊತ್ತಿಗೆ ಬೆಳಗಿನ ಮದ್ದು ಸಿಡಿಯಿತು, ಕಾಲ ಕೆಳಗಿನ ನೆಲ ಒಂದು ಸಲ ಅದುರಿತು, ನಲ್ಲಿಯ ನೀರು ಅಲುಗಿ ಮತ್ತೆ ನೆಟ್ಟಗಾಯಿತು. ಒಂಬತ್ತೂಕಾಲು. ಹನ್ನೊಂದಕ್ಕೆ ವಿಮಾನ ಹಾರುವುದಿತ್ತು.

ಬೆಳಿಗ್ಗೆ ಏಳಕ್ಕೇ ಬಂದು, ಯಾರೂ ಇಲ್ಲದ ಶೆಡ್ಡಿನಲ್ಲಿ, ಎರಡೂ ರೆಕ್ಕೆಗಳ ಬುಡದ ಮುಚ್ಚಳಗಳಿನ್ನೂ ತೆರೆದಿದ್ದಾಗ ರೆಕ್ಕೆಗಳನ್ನು ವಿಮಾನಕ್ಕೆ ಹಿಡಿದಿಡುವ ಹದಿನಾರು ನಟ್ಟುಗಳ ಮೇಲೆ ಹೆಬ್ಬೆರಳು ಆಡಿಸಿದ್ದ. ನಿನ್ನೆಯೇ ಸಹಿ ಹಾಕಿಯಾಗಿತ್ತು. ಸಹಿ ಹಾಕಿದವನಿಗೆ ರಾತ್ರಿ ನಿದ್ದೆ ಬರಬೇಕು, ಬಂದಿರಲಿಲ್ಲ, ಅಷ್ಟೇ. ಈಗ ಮುಚ್ಚಳಗಳನ್ನು ಸ್ಕ್ರೂ ಹಾಕಿ ಮುಚ್ಚಿ, ವಿಮಾನವನ್ನು ಹೊರಗೆ ತಳ್ಳಿ, ಓಡುದಾರಿಯ ಬದಿಯಲ್ಲಿ ನಿಲ್ಲಿಸಿದ್ದರು. ಎರಡೇ ಸೀಟಿನ ಸಣ್ಣ ವಿಮಾನ. ದೂರದಿಂದ ನೋಡಿದರೆ ಆಟಿಕೆ. ನಾಲ್ಕು ವರ್ಷ ಈ ಶೆಡ್ಡಿನಲ್ಲಿ ಬರೀ ಬಿಡಿ ಭಾಗಗಳಾಗುತ್ತಿದ್ದವು. ರೆಕ್ಕೆಯ ಪಕ್ಕೆಲುಬು, ಬಾಲದ ಹಾಳೆ, ಬಾಗಿಲು ಎಲ್ಲ ಲಾರಿ ಹತ್ತಿ ಹೈದರಾಬಾದಿನ ಠೇಕೇದಾರನಲ್ಲಿಗೆ ಹೋಗುತ್ತಿದ್ದವು, ಅಲ್ಲಿ ಜೋಡಣೆಯಾಗಿ ಅಲ್ಲಿಂದಲೇ ಹಾರುತ್ತಿದ್ದವು. ಹೆತ್ತವರೊಬ್ಬರು, ಹೆಸರಿಟ್ಟವರೊಬ್ಬರು ಎಂದು ಶೆಡ್ಡಿನವರು ನಗುತ್ತಿದ್ದರು, ಆದರೆ ಆ ನಗೆಯಲ್ಲಿ ಹೊಟ್ಟೆಯುರಿಯೇ ಹೆಚ್ಚಿತ್ತು. ಈ ವರ್ಷ ಕಂಪನಿ ಜೋಡಣೆಯನ್ನು ಒಳಗೇ ತಂದಿತು. ಕಲಬುರಗಿಯ ಶ್ರುತಿ ಮೇಡಂ ಜೋಡಣೆಗೆ ಮುಖ್ಯಸ್ಥೆಯಾದಳು. ತಪಾಸಣೆಗೆ ಸುರೇಶಕುಮಾರ. ಹಾಳೆಯ ಕೆಳತುದಿಯಲ್ಲಿ, ಇಷ್ಟು ದಿನ ಯಾವನೋ ಹೈದರಾಬಾದಿನವನ ಸೊಟ್ಟ ಸಹಿ ಇರುತ್ತಿದ್ದ ಜಾಗದಲ್ಲಿ, ಇನ್ನು ಅವನದು. ಮೊದಲ ಹಾಳೆಯ ಫೋಟೋ ತೆಗೆದು ಲುಂಬಿನಿಗೆ ಕಳಿಸಿದ್ದ. ಕಳಿಸಬಾರದಿತ್ತು ಎಂದು ಈಗ ಅನ್ನಿಸಿತು, ಅದೂ ಒಂದು ಸಾಕ್ಷಿಯೇ ಅಲ್ಲವೇ.

ನಿಯಮವೇನೂ ಕಠಿಣವಲ್ಲ. ಫಿಟ್ಟರ್ ಚೌಡೇಶ ಟಾರ್ಕ್ ಪಾನಾ, ಅಂದರೆ ಬಿಗಿ ಅಳೆಯುವ ಸ್ಪ್ಯಾನರ್, ಹಿಡಿದು ನಟ್ಟು ಬಿಗಿಯಬೇಕು. ಬೇಕಾದಷ್ಟು ಬಿಗಿದಾಗ ಆ ಪಾನಾ ಕಟಕ್ ಎನ್ನುತ್ತದೆ. ಎಂದ ಮೇಲೆ ಕೆಂಪು ಗೆರೆ ಎಳೆಯಬೇಕು. ಆಮೇಲೆ ಸುರೇಶಕುಮಾರ ಅದೇ ಪಾನಾವನ್ನು ತನ್ನ ಕೈಯಿಂದ ಪ್ರತಿ ನಟ್ಟಿಗೂ ಹಾಕಿ, ಹದಿನಾರು ಸಲ ಕಟಕ್ ಕೇಳಿ, ಸಹಿ ಹಾಕಬೇಕು. ನಿನ್ನೆ ಶುಕ್ರವಾರ ಅವನು ಮಧ್ಯಾಹ್ನದ ಊಟ ಮುಗಿಸಿ ಬರುವಷ್ಟರಲ್ಲಿ ಪೂಜೆ ಮುಗಿದುಹೋಗಿತ್ತು. ಮೊದಲ ವಿಮಾನಕ್ಕೆ ಪೂಜೆ ಎಂದು ಎಲ್ಲರಿಗೂ ಗೊತ್ತಿತ್ತು, ಸುರೇಶಕುಮಾರ ಊಟವನ್ನು ಬೇಕೆಂದೇ ನಿಧಾನ ಮಾಡಿದ್ದ. ಬೌದ್ಧರ ಮನೆಯವನು, ತೆಂಗಿನಕಾಯಿ ಒಡೆಯುವಾಗ ಕೈಮುಗಿಯದೆ ನಿಂತರೂ ಕಷ್ಟ, ಮುಗಿದರೂ ಕಷ್ಟ. ಬಂದು ನೋಡಿದರೆ ಪಾನಾಗಳೆಲ್ಲ ವಿಮಾನದ ಮುಂದೆ ಹೊಸ ಬಟ್ಟೆಯ ಮೇಲೆ ಸಾಲಾಗಿ ಮಲಗಿದ್ದವು, ಚೆಂಡುಹೂವು ಹೊದ್ದು, ಅರಿಶಿನ ಕುಂಕುಮ ಬಳಿದುಕೊಂಡು. ಪೂಜೆಗಿಟ್ಟ ಹತ್ಯಾರನ್ನು ಮರುದಿನ ಹೊತ್ತು ಹುಟ್ಟುವವರೆಗೆ ಮುಟ್ಟುವಂತಿಲ್ಲ. ಇದನ್ನು ಯಾರೂ ಬರೆದಿಟ್ಟಿಲ್ಲ, ಆದರೆ ಬರೆದಿಟ್ಟ ನಿಯಮಗಳಿಗಿಂತ ಇದು ಗಟ್ಟಿ. ಟಾರ್ಕ್ ಪಾನಾ ನಡುವೆ ಇತ್ತು. "ಸುರೇಶ ಸಾಹೇಬ್ರಿಗಿ ಹಾದಿ ಬಿಡ್ರಪಾ, ಅವರು ಇದನ್ನೆಲ್ಲ ನಂಬೂದಿಲ್ಲ" ಎಂದು ಕಸ ಗುಡಿಸುವ ಮಾಣಿಕಮ್ಮ, ಎಣ್ಣೆಯಲ್ಲಿ ಕಲಸಿದ ಕುಂಕುಮದ ಬಟ್ಟಲು ಹಿಡಿದುಕೊಂಡೇ, ಎಲ್ಲರಿಗೂ ಕೇಳುವಂತೆ ಹೇಳಿದಳು. ಕೆಟ್ಟ ಮನಸ್ಸಿನಿಂದಲ್ಲ, ಹಾದಿ ಬಿಡಿಸುವ ಉತ್ಸಾಹದಲ್ಲಿ. ಆದರೂ ಎಲ್ಲರೂ ತಿರುಗಿ ನೋಡಿದರು. ಎರಡು ವರ್ಷದ ಹಿಂದೆ ಆಯುಧಪೂಜೆಯ ದಿನ ಕೆಲಸ ಬಾಕಿ ಇದೆಯೆಂದು ಅವನು ಸಾಲಿನಿಂದ ಒಂದು ಪಾನಾ ಎತ್ತಿಕೊಂಡಿದ್ದ. ಮರುದಿನ ಬೆಳಿಗ್ಗೆ ಆ ಪಾನಾ ಒಂದು ಬಕೀಟು ನೀರಿನಲ್ಲಿ ಮುಳುಗಿತ್ತು, ಯಾರೋ ತೊಳೆಯಲು ಹಾಕಿದ್ದರು. ಯಾರು ಎಂದು ಅವನು ಕೇಳಲಿಲ್ಲ. ಬಕೀಟನ್ನು ದಾಟಿ ಹೋಗಿ ತನ್ನ ಕೆಲಸ ಮಾಡಿದ್ದ, ಮನೆಯಲ್ಲೂ ಹೇಳಲಿಲ್ಲ.

ಹಾಗಾಗಿ ನಿನ್ನೆ ಪಾನಾ ಮುಟ್ಟಲಿಲ್ಲ. ಬ್ಯಾಟರಿ ಹಿಡಿದು ಬಗ್ಗಿ ನೋಡಿದ. ಎಡಗಡೆ ಎಂಟು ಕೆಂಪು, ಬಲಗಡೆ ಎಂಟು ಕೆಂಪು. ಚೌಡೇಶ ಚೊಕ್ಕ ಕೆಲಸದವನು. ಶ್ರುತಿ ಮೇಡಂ ಹಾಳೆಗಾಗಿ ಎರಡು ಸಲ ಹೇಳಿ ಕಳಿಸಿದ್ದಳು. ಅವನು ಸಹಿ ಹಾಕಿದ. ಹಾಕಿದ ಸಹಿ ಎಂದಿಗಿಂತ ಚೆನ್ನಾಗಿ ಬಂದಿತ್ತು.

ಚಹಾದ ಲೋಟ ಕೈಯಲ್ಲೇ ತಣ್ಣಗಾಯಿತು. ನಿನ್ನೆಯ ಆ ಬಟ್ಟಲಿನ ಕುಂಕುಮವನ್ನು ಮಾಣಿಕಮ್ಮ ಹದಿನಾರಕ್ಕೂ ಹಚ್ಚಿದ್ದರೆ ಒಳ್ಳೆಯದೇ ಆಯಿತಲ್ಲ, ಕೆಳಗೆ ಬಣ್ಣದ ಗೆರೆ ಇದ್ದೇ ಇರುತ್ತದೆ, ಮೇಲೆ ಕುಂಕುಮ ಅಷ್ಟೇ, ಎಂದು ತನಗೆ ತಾನೇ ಹೇಳಿಕೊಂಡ. ಹೇಳಿಕೊಂಡ ಮಾತು ಸರಿಯಾಗಿಯೇ ಇತ್ತು. ಆದರೆ ಹಾಗಿದ್ದರೆ ನಿನ್ನೆ ನಾನು ನೋಡಿದ್ದೇನು? ಒಂದು ಗೆರೆಯನ್ನೂ ನೋಡಿಲ್ಲ, ಹದಿನಾರು ಸಲ ಕುಂಕುಮವನ್ನೇ ನೋಡಿದ್ದೇನೆ. ವಾಡಿ ಜಂಕ್ಷನ್ನಿನಲ್ಲಿ ಹಳಿ ಬದಲಿಸುವ ಪಾಯಿಂಟ್ಸ್‌ಮನ್ ಆಗಿದ್ದ ಅಪ್ಪ ಲಾಲಪ್ಪ ಹಳಿ ಕೂಡುವ ಜಾಗಕ್ಕೆ ಬಗ್ಗಿ, ಚಳಿ ಇರಲಿ ಬಿಸಿಲಿರಲಿ, ಕೈಹಾಕಿ ಮುಟ್ಟಿಯೇ ಹಸಿರು ಬಾವುಟ ಎತ್ತುತ್ತಿದ್ದ. ಸುಡುವ ಹಳಿಯಿಂದ ಅವನ ಅಂಗೈ ಸದಾ ಕರಕು. ಶಾಲೆಯ ಹುಡುಗರ ಮುಂದೆ ಆ ಕೈ ಹಿಡಿದು ನಡೆಯಲು ಸುರೇಶಕುಮಾರನಿಗೆ ನಾಚಿಕೆಯಾಗುತ್ತಿತ್ತು, ಅದಕ್ಕೇ ಎರಡು ಹೆಜ್ಜೆ ಹಿಂದೆ ನಡೆಯುತ್ತಿದ್ದ. ಚೌಡೇಶ ಶೆಡ್ಡಿನ ನೆರಳಲ್ಲಿ ಕುಳಿತು ಕೈಗವಸು ಒಣಗಿಸುತ್ತಿದ್ದ. ಸುರೇಶಕುಮಾರ ಹತ್ತಿರ ಹೋಗಿ, ಸುಮ್ಮನೆ ಬಂದವನ ಹಾಗೆ ನಿಂತ.

"ನಿನ್ನಿ ಎಲ್ಲಾ ಬಿಗದಿದ್ದಿ ಹೌದಿಲ್ಲೋ?"

"ಬಿಗದೀನ್ರಿ ಸುರೇಶಣ್ಣ." ಚೌಡೇಶ ತಲೆ ಎತ್ತಲಿಲ್ಲ. "ಎಡಗಡಿ ಹಿಂದಿನ್ದು ಒಂದು ಹಿಡದಿದ್ದೆ, ಅಷ್ಟರಾಗ ಪೂಜಿಗಿ ಕರದ್ರು. ಪಾನಾನೂ ಇಸಗೊಂಡು ಹೋದ್ರು. ಅದು ಆಗಿತ್ತೋ ಇನ್ನಾ ಆಗೂದಿತ್ತೋ, ಬರೋಬರಿ ನೆನಪಿಲ್ರಿ."

"ಮತ್ತ?"

"ಮತ್ತೇನ್ರಿ. ಸಂಜೀಕ ನೋಡ್ದೆ, ನೀವ್ ಸೈ ಮಾಡಿದ್ರಿ. ನೀವ್ ಪಾನಾ ಹಚ್ಚಿ ನೋಡೀರಿ ಅಂದ ಮ್ಯಾಲ ನನಗ್ಯಾಕ್ರಿ ಫಿಕರ್?" ಈಗ ತಲೆ ಎತ್ತಿದ. "ಯಾಕ್ರಿ, ಏನರೆ ಅದ ಏನು?"

"ಏನಿಲ್ಲ. ಸುಮ್ನ ಕೇಳ್ದೆ."

ಸುಮ್ಮನೆ ಕೇಳಿದೆ ಎಂದು ಹೇಳಿದ ಮೇಲೆ ಅಲ್ಲಿ ನಿಲ್ಲಲಾಗಲಿಲ್ಲ. ಓಡುದಾರಿಯ ಕಡೆ ನಡೆದ. ಗಾಳಿ ತೋರಿಸುವ ಬಟ್ಟೆಯ ಚೀಲ ಕಂಬಕ್ಕೆ ಜೋತುಬಿದ್ದಿತ್ತು, ಗಾಳಿಯೇ ಇರಲಿಲ್ಲ. ವಿಮಾನದ ಎಡ ರೆಕ್ಕೆಯ ನೆರಳಲ್ಲಿ ಪೈಲಟ್ ಅಮರನಾಥ ಮಡಚುವ ಕುರ್ಚಿ ಹಾಕಿಕೊಂಡು ಕಾಗದದ ತಟ್ಟೆಯಲ್ಲಿ ಮಂಡಕ್ಕಿಯ ಸೂಸಲಾ ತಿನ್ನುತ್ತಿದ್ದರು, ಪಕ್ಕದಲ್ಲಿ ಮಿರ್ಚಿ ಭಜಿ. ಸೇಡಂ ಕಡೆಯವರು, ಮೂವತ್ತು ವರ್ಷ ಸೇನೆಯ ವಿಮಾನ ಹಾರಿಸಿ ನಿವೃತ್ತರಾಗಿ ಬಂದವರು. ಈ ಕಂಪನಿಯ ಎಲ್ಲ ವಿಮಾನಗಳ ಮೊದಲ ಹಾರಾಟ ಅವರದೇ. ಎಡ ರೆಕ್ಕೆಯ ಬುಡ ಅವರ ತಲೆಯಿಂದ ಒಂದು ಮೊಳ ಮೇಲಿತ್ತು. ಮುಚ್ಚಳದ ಆರು ಸ್ಕ್ರೂಗಳು ಬಿಸಿಲಿಗೆ ಹೊಳೆಯುತ್ತಿದ್ದವು. ಅದರ ಹಿಂದೆ ಒಂದು ನಟ್ಟು ಇದೆ, ಅದು ಬಿಗಿಯಾಗಿದೆ, ಅಥವಾ ಬಿಗಿಯಾಗಿಲ್ಲ. ಈ ಎರಡರಲ್ಲಿ ಒಂದು ಈಗಾಗಲೇ ನಿಜವಾಗಿದೆ, ತನಗೆ ಗೊತ್ತಿಲ್ಲ ಅಷ್ಟೇ, ಎಂಬುದು ಅವನಿಗೆ ಭಯಂಕರವಾಗಿ ಕಂಡಿತು.

"ಬರ್ರಿ ಸುರೇಶಕುಮಾರ, ಕುಂದ್ರಿ. ಒಂದ್ ಭಜಿ ತಗೋರಿ" ಎಂದರು ಅಮರನಾಥ. "ಹೈದರಾಬಾದಿನವರು ಜೋಡಿಸಿದ್ದು ಹಾರಿಸೂ ಮುಂದ ನಾ ಮೂರ್ ಸಲ ಸುತ್ತ ಹಾಕ್ತಿದ್ದೆ ನೋಡ್ರಿ. ಇವತ್ತ ಒಂದ್ ಸಲನೂ ಹಾಕಿಲ್ಲ. ನಮ್ಮೂರ ಕೈ ಅದ, ನೀವ್ ನೋಡೀರಿ. ಮುಗೀತು."

"ಒಂದ್ ಸುತ್ತ ಹಾಕ್ರಿ ಸರ್" ಎಂದ ಸುರೇಶಕುಮಾರ.

"ಹಾಕಬೇಕಂತೀರಿ?"

"ಹಂಗಲ್ರಿ. ಪದ್ಧತಿ ಅಂತ."

ಅಮರನಾಥ ನಕ್ಕು ಕೈ ಒರೆಸಿಕೊಂಡು ಎದ್ದರು, ಸುತ್ತ ಹಾಕಿದರು, ರೆಕ್ಕೆಯ ತುದಿ ಹಿಡಿದು ಅಲುಗಿಸಿದರು, ಟೈರು ಒದ್ದರು, ಬಾಲ ತಟ್ಟಿದರು. ಮುಚ್ಚಿದ ಮುಚ್ಚಳದ ಹಿಂದೆ ಇರುವುದು ಯಾವ ಸುತ್ತಿಗೂ ಕಾಣುವುದಿಲ್ಲ. "ಫಸ್ಟ್ ಕ್ಲಾಸ್" ಎಂದು ಬಂದು ಕುಳಿತರು. ಭಜಿ ಸುರೇಶಕುಮಾರನ ಕೈಯಲ್ಲೇ ಇತ್ತು. ಅದನ್ನು ತಿಂದ. ತಿನ್ನುತ್ತ, ಈ ಮನುಷ್ಯ ಹನ್ನೊಂದೂವರೆಗೆ ಸತ್ತಿರಬಹುದು ಎಂದುಕೊಂಡ. ಖಾರ ಹೆಚ್ಚಾಗಿದೆ ಎಂದೂ ಅಂದುಕೊಂಡ. ಎರಡೂ ಒಂದೇ ಗಳಿಗೆಯಲ್ಲಿ. ತನ್ನ ಮೇಲೆ ತನಗೇ ಹೇಸಿಗೆಯಾಯಿತು.

ಹೇಳಿದರೆ ಏನಾಗುತ್ತದೆ? ಸಹಿ ಹಾಕಿದ್ದು ಪಾನಾ ಮುಟ್ಟದೆ ಎಂದಾಗುತ್ತದೆ. ಯಾಕೆ ಮುಟ್ಟಲಿಲ್ಲ ಎಂದರೆ ಬಕೀಟಿನ ಕಥೆ ಹೇಳಬೇಕಾಗುತ್ತದೆ. ಈ ವಯಸ್ಸಿನಲ್ಲಿ, ಕಲಬುರಗಿಯ ಆ ಹುಡುಗಿಯ ಮುಂದೆ, ನಾನು ಮುಟ್ಟಿದ್ದನ್ನು ಒಮ್ಮೆ ತೊಳೆದಿದ್ದರು ಮೇಡಂ ಎಂದು ಅಳಬೇಕಾಗುತ್ತದೆ. ಅವಳು ಕನಿಕರಪಡುತ್ತಾಳೆ. ಕನಿಕರಪಟ್ಟು ಸಹಿಯ ಕೆಲಸವನ್ನು ಬೇರೆಯವರಿಗೆ ಕೊಡುತ್ತಾಳೆ. ಶೆಡ್ಡಿನವರಂತೂ ಇನ್ನೊಂದೇ ಮಾತಾಡುತ್ತಾರೆ: ಪೂಜೆ ಕಂಡರಾಗದವನು, ಮೊದಲ ಹಾರಾಟಕ್ಕೆ ಅಡ್ಡಬಾಯಿ ಹಾಕಿದ. ಬಾಯಿ ಬಿಟ್ಟರೆ ಬಣ್ಣಗೇಡು. ಬಿಡದಿದ್ದರೆ? ಬಿಡದಿದ್ದರೆ ಬಹುಶಃ ಏನೂ ಆಗುವುದಿಲ್ಲ. ಏಳು ನಟ್ಟು ಹಿಡಿದಿರುತ್ತವೆ, ಒಂದು ಹಿಡಿಯದಿದ್ದರೆ ಏನು? ಹಾಗೆಂದುಕೊಂಡು ನಾಲ್ಕು ಹೆಜ್ಜೆ ಹಗುರಾಗಿ ನಡೆದ. ಐದನೆಯದಕ್ಕೆ ಕಾಲು ನಿಂತಿತು. ಪುಸ್ತಕದಲ್ಲಿ ಎಂಟು ಎಂದು ಬರೆದವನು ಏಳು ಸಾಕೆಂದು ಗೊತ್ತಿಲ್ಲದೆ ಬರೆದನೇ? ಒಂದು ಸಡಿಲಾದರೆ ಪಕ್ಕದ್ದರ ಮೇಲೆ ಭಾರ, ಅದು ಸೋತರೆ ಅದರಾಚೆಯದರ ಮೇಲೆ. ತಿರುವಿನಲ್ಲಿ ರೆಕ್ಕೆ ಅದುರುವುದು, ಅಮರನಾಥ ಸ್ವಲ್ಪ ಆಶ್ಚರ್ಯದಿಂದ ಎಡಕ್ಕೆ ತಿರುಗಿ ನೋಡುವುದು, ಎಲ್ಲವೂ ಕಣ್ಣಮುಂದೆ ಬಂತು. ಆ ಮುಖದಲ್ಲಿ ಕೋಪವಿರಲಿಲ್ಲ, ಅದೇ ಸಹಿಸಲಾಗಲಿಲ್ಲ.

ಹತ್ತೂ ಮುಕ್ಕಾಲಿಗೆ ಇಂಜಿನ್ ಹೊತ್ತಿಕೊಂಡಿತು. ಶೆಡ್ಡಿನವರೆಲ್ಲ ಓಡುದಾರಿಯ ಬೇಲಿಗೆ ಬಂದು ನಿಂತಿದ್ದರು. ಮಾಣಿಕಮ್ಮ ಪೊರಕೆ ಕಂಕುಳಲ್ಲಿಟ್ಟುಕೊಂಡು, ಸೆರಗು ತಲೆಗೆ ಹೊದ್ದು, ಎಲ್ಲರಿಗಿಂತ ಮುಂದೆ ಇದ್ದಳು. ಶ್ರುತಿ ಮೇಡಂ ಫೋನು ಎತ್ತಿ ಹಿಡಿದು ವಿಡಿಯೋ ಮಾಡುತ್ತಿದ್ದಳು. ಸುರೇಶಕುಮಾರ ಅವಳ ಕಡೆ ನಡೆದ, ನಡೆಯುವುದು ಓಡುವುದಾಯಿತು. ಅವಳ ಮುಂದೆ ನಿಂತಾಗ ಒಂದೂವರೆ ತಾಸಿನಿಂದ ಕಟ್ಟಿಕೊಂಡಿದ್ದ ವಾಕ್ಯ, ನಾನು ಪಾನಾ ಹಚ್ಚಿ ನೋಡಿಲ್ಲ ಮೇಡಂ ಎಂಬುದು, ನಾಲಿಗೆಯವರೆಗೆ ಬಂದಿತ್ತು. ಬಾಯಿಂದ ಬಿದ್ದದ್ದು ಬೇರೆ.

"ನಿಲ್ಲಿಸ್ರಿ ಮೇಡಂ. ಮಾಣಿಕಮ್ಮ ನಟ್ಟಿನ ಮ್ಯಾಲ ಕುಂಕುಮ ಹಚ್ಯಾಳ."

ಅಂದ ಕೂಡಲೇ ಎದೆ ಹಗುರಾಯಿತು. ಒಂದು ಕ್ಷಣ ನಿನ್ನೆ ಅವಳು ಎಲ್ಲರೆದುರು ಹಾದಿ ಬಿಡಿಸಿದ್ದು ನೆನಪಾಗಿ, ಒಳಗೆಲ್ಲೋ ಸಣ್ಣದೊಂದು ಸುಖವೂ ಆಯಿತು. ಶ್ರುತಿ ಎರಡೂ ಕೈ ಅಡ್ಡ ಬೀಸಿದಳು. ಇಂಜಿನ್ ಆರಿತು. ಆರಿದ ಮೇಲಿನ ನಿಶ್ಶಬ್ದದಲ್ಲಿ ಚೌಡೇಶ ಎಡ ಮುಚ್ಚಳದ ಆರು ಸ್ಕ್ರೂ ಬಿಚ್ಚುವ ಸದ್ದು ಒಂದೊಂದಾಗಿ ಕೇಳಿತು. ಅಮರನಾಥ ಕೆಳಗಿಳಿದು ಸೊಂಟಕ್ಕೆ ಕೈಯಿಟ್ಟು ನಿಂತಿದ್ದರು. ಟಾರ್ಕ್ ಪಾನಾ ಬಂತು, ಅದರ ಹಿಡಿಗಿನ್ನೂ ಅರಿಶಿನ ಮೆತ್ತಿತ್ತು. ಶ್ರುತಿ ಅದನ್ನು ತಾನೇ ಹಿಡಿದು ಹಾಕಿದಳು. ಕಟಕ್. ಕಟಕ್. ಏಳು ಸಲ ಕಟಕ್ ಎಂದಿತು. ಎಂಟನೆಯದಕ್ಕೆ, ಹಿಂದಿನ ಮೂಲೆಯದಕ್ಕೆ ಹಾಕಿದಾಗ ಪಾನಾ ಸುಮ್ಮನೆ ತಿರುಗಿತು. ಅವಳು ಪಾನಾ ತೆಗೆದು ಎರಡು ಬೆರಳಿನಲ್ಲಿ ಹಿಡಿದು ತಿರುವಿದಳು. ನಟ್ಟು ಡಬ್ಬಿಯ ಮುಚ್ಚಳದ ಹಾಗೆ ತಿರುಗಿತು. ಕರವಸ್ತ್ರದಿಂದ ಕುಂಕುಮ ಒರೆಸಿದಳು, ಕೆಳಗೆ ಗೆರೆ ಇರಲಿಲ್ಲ.

ಅಮರನಾಥ ಬಗ್ಗಿ ನೋಡಿದರು. ಬೇಲಿಯತ್ತ ಹೋಗಿ ಬೆನ್ನು ತಿರುಗಿಸಿ ಸ್ವಲ್ಪ ಹೊತ್ತು ನಿಂತು ಬಂದರು.

"ಇದನ್ನ ಯಾರು ಹಚ್ಚಿದ್ದು?" ಎಂದಳು ಶ್ರುತಿ.

"ನಾನೇರಿ ಯವ್ವಾ." ಮಾಣಿಕಮ್ಮ ಪೊರಕೆ ಕೆಳಗಿಟ್ಟು ಮುಂದೆ ಬಂದಳು. ಕಾಗಿಣಾ ಹೊಳೆಯ ದಂಡೆಯವಳು, ಅಂಬಿಗರ ಮನೆತನ. "ನಮ್ಮಲ್ಲಿ ಹೊಸ ದೋಣಿ ನೀರಿಗಿ ಬಿಡೂ ಮುಂದ ಹಲಗಿ ಕೂಡಿಸಿದಲ್ಲೆಲ್ಲ, ಒಂದೊಂದ ಮೊಳಿಗೂ ಎಣ್ಣಿ ಕುಂಕುಮ ಹಚ್ತೀವ್ರಿ. ಬರೇ ಮುಂದಿನ ಮೂತಿಗಿ ಹಚ್ಚಿ ಬಿಟ್ರ ಹೊಳಿ ಮುನೀತಾಳ. ಇದೂ ಗಾಳ್ಯಾಗ ತೇಲೂದೇ ಅಲ್ಲೇನ್ರಿ? ಎಲ್ಲಾರೂ ಹೊರಗ ಹಚ್ಚಿದ್ರು. ಕೂಡಿಸಿದ್ದು ಒಳಗದಲಾ ಅಂತ ನಾನು ಕೈ ಹಾಕಿ..."

ಯಾರೂ ನಗಲಿಲ್ಲ. ಚೌಡೇಶ ತಾನು ಆ ನಟ್ಟನ್ನು ಅರ್ಧಕ್ಕೆ ಬಿಟ್ಟದ್ದನ್ನು ಒಪ್ಪಿಕೊಂಡ, ಪೂಜೆಗೆ ಕರೆದರು ಎಂದ. ಕರೆದವಳು ಶ್ರುತಿಯೇ ಆಗಿದ್ದರಿಂದ ಆ ಮಾತು ಮುಂದೆ ಹೋಗಲಿಲ್ಲ. ಆಮೇಲೆ ಅವಳು ಸುರೇಶಕುಮಾರನ ಕಡೆ ತಿರುಗಿದಳು. "ನಿಮ್ಮ ಸಹಿ ಅದಲ್ರಿ" ಎಂದಳು. ಪ್ರಶ್ನೆಯಲ್ಲ, ಆಪಾದನೆಯೂ ಅಲ್ಲ. ಇದು ನಿಜ ಹೇಳಲು ಎರಡನೆಯ ಬಾಗಿಲು, ತೆರೆದಿದೆ, ಎಂದು ಅವನಿಗೆ ಸ್ಪಷ್ಟವಾಗಿ ಗೊತ್ತಾಯಿತು.

"ಕೆಂಪು ಇತ್ರಿ ಮೇಡಂ. ಗೆರಿ ಹಂಗೇ ಕಾಣ್ತಿತ್ತು. ಇವತ್ತ ಮುಂಜಾನಿ ಜರಾ ಅನುಮಾನ ಬಂತು."

ಸುಳ್ಳು ಒಂದೂ ಇರಲಿಲ್ಲ ಅದರಲ್ಲಿ. ಪಾನಾ ಎಂಬ ಶಬ್ದ ಮಾತ್ರ ಇರಲಿಲ್ಲ. ಶ್ರುತಿ ಒಂದು ಗಳಿಗೆ ಅವನನ್ನೇ ನೋಡಿದಳು. ಎರಡನೆಯ ಪ್ರಶ್ನೆ ಕೇಳಿದರೆ ಅವಳ ಮೊದಲ ಹಾರಾಟ, ಅವಳ ಶೆಡ್ಡು, ಅವಳ ಪೂಜೆ ಎಲ್ಲ ವರದಿಗೆ ಹೋಗುತ್ತಿತ್ತು. ಕೇಳಲಿಲ್ಲ. "ಅನುಮಾನ ಬಂದದ್ದು ಹೇಳಿದ್ರಲ್ಲ, ದೊಡ್ಡದು" ಎಂದಳು. ಅಮರನಾಥ ಬಂದು ಭುಜ ಹಿಡಿದುಕೊಂಡರು. "ಇವತ್ತ ನೀವು ನನ್ನ ತಂದಿ ಆದ್ರಿ" ಎಂದರು. ಅವರು ಅವನಿಗಿಂತ ಇಪ್ಪತ್ತು ವರ್ಷ ಹಿರಿಯರು. ಯಾರೋ ಚಪ್ಪಾಳೆ ಶುರುಮಾಡಿದರು. ಇನ್ನೊಂದು ರೆಕ್ಕೆಯ ಮುಚ್ಚಳವನ್ನೂ ಬಿಚ್ಚಿ, ಈ ಸಲ ಸುರೇಶಕುಮಾರನೇ ಪಾನಾ ಹಿಡಿದು ಹದಿನಾರು ಸಲ ಕಟಕ್ ಕೇಳಿದ, ಹದಿನಾರು ಹೊಸ ಗೆರೆ ಎಳೆದ. ಹನ್ನೆರಡೂವರೆಗೆ ಹಾರಾಟ ಎಂದು ಗೊತ್ತಾಯಿತು. ಅಷ್ಟರೊಳಗೆ ಮಾಣಿಕಮ್ಮನ ಗುರುತಿನ ಬಿಲ್ಲೆಯನ್ನು ಬಿಚ್ಚಿಸಿಕೊಂಡಿದ್ದರು. ಕೂಲಿ ಠೇಕೇದಾರನ ಕೈಕೆಳಗಿನವಳು, ತೆಗೆಯಲು ಒಂದು ಫೋನು ಸಾಕು. ಯಾರನ್ನಾದರೂ ತೆಗೆಯಲೇಬೇಕಿತ್ತು.

ಅವನು ಗೇಟಿನ ಹತ್ತಿರ ಹೋದದ್ದು ಯಾಕೆಂದರೆ ಹೇಳಿಬಿಡೋಣವೆಂದೇ. ಖರೇ ಹಾಗೆಂದೇ ಹೋದ. ಮಾಣಿಕಮ್ಮ ಊಟದ ಡಬ್ಬಿ ಮಡಿಲಲ್ಲಿಟ್ಟುಕೊಂಡು ಶಹಾಬಾದಿಗೆ ಹೋಗುವ ಆಟೋದಲ್ಲಿ ಕುಳಿತಾಗಿತ್ತು. ಆಟೋದವನು ಇನ್ನೊಂದು ಸವಾರಿಗೆ ಕಾಯುತ್ತಿದ್ದ. ಸುರೇಶಕುಮಾರನನ್ನು ಕಂಡವಳೇ ಕೈಮುಗಿದಳು.

"ಸಾಹೇಬ್ರ, ನಿಮ್ಮ ಹೊಟ್ಟಿ ತಣ್ಣಗಿರ್ಲಿ. ನನ್ನ ಕೈಲಿಂದ ಒಂದ್ ಜೀವ ಹೋಗ್ತಿತ್ತು. ನೀವು ಉಳಸಿದ್ರಿ."

"ಮಾಣಿಕಮ್ಮ, ಹಂಗನಬ್ಯಾಡ್ರಿ" ಎಂದ. ಮುಂದಿನ ವಾಕ್ಯ ಬರಬೇಕಿತ್ತು.

"ಇಲ್ರಿ, ಕೆಲಸ ಹೋದ್ರ ಹೋಗ್ಲಿ, ಅದಕ್ಕೇನ್ ಮಾಡೂದದ. ಒಂದ್ ಮಾತು ಕೇಳ್ಲೇನ್ರಿ? ನೀವು ಕಲತವರು." ಅವಳು ಆಟೋದಿಂದ ಮುಂದಕ್ಕೆ ಬಗ್ಗಿದಳು, ದನಿ ತಗ್ಗಿಸಿದಳು. "ಎಣ್ಣಿ ಕುಂಕುಮ ಹಚ್ಚಿದ್ರ ಬಿಗದಿದ್ದು ಸಡ್ಲ ಆಗ್ತದೇನ್ರಿ?"

ಹಿಂದೆ ಓಡುದಾರಿಯಲ್ಲಿ ಇಂಜಿನ್ ಮತ್ತೆ ಹೊತ್ತಿಕೊಂಡಿತ್ತು. ಇಲ್ಲ ಎಂದರೆ, ಮತ್ತೆ ಯಾಕೆ ಸಡಿಲಿತ್ತು ಎಂದು ಕೇಳುತ್ತಾಳೆ. ನೋಡುವವರು ಯಾರಿದ್ದರು ಎಂದು ಕೇಳುತ್ತಾಳೆ. ಆಟೋದವನು ಕನ್ನಡಿಯಲ್ಲಿ ಇವರನ್ನೇ ನೋಡುತ್ತಿದ್ದ.

"ಆಗ್ತದ್ರಿ" ಎಂದ ಸುರೇಶಕುಮಾರ. "ಎಣ್ಣಿ ಅದಲಾ. ಜಾರ್ತದ."

ಮಾಣಿಕಮ್ಮ ತಲೆಯಾಡಿಸಿದಳು. ಆಡಿಸುತ್ತಲೇ ಇದ್ದಳು. ಡಬ್ಬಿಯ ಹಿಡಿಯನ್ನು ಒಮ್ಮೆ ಮೇಲೆತ್ತಿ ಬಿಟ್ಟಳು.

"ನಮ್ಮ ಮನಿಯವರು ಸಾಯಬಣ್ಣ ಹೊಳ್ಯಾಗ ಹೋಗಿ ಇಪ್ಪತ್ತೆರಡು ವರ್ಷ ಆಯ್ತು ನೋಡ್ರಿ. ಹೊಸ ದೋಣಿ ಇತ್ತು. ನಡು ಹೊಳ್ಯಾಗ ಹಲಗಿ ಹಲಗಿ ಬಿಚ್ಚಿತಂತ. ಬಿಗದವರು ಛಲೋ ಬಿಗದಿದ್ರು, ಯಾಕ ಬಿಚ್ಚಿತು ಅಂತ ಯಾರಿಗೂ ತಿಳೀಲಿಲ್ಲ." ಅವಳು ತನ್ನ ಬಲಗೈಯ ಉಂಗುರಬೆರಳನ್ನು ನೋಡಿಕೊಂಡಳು. "ಅದಕ್ಕೂ ನಾನೇ ಹಚ್ಚಿದ್ದೆ."

ಸವಾರಿ ಸಿಗಲಿಲ್ಲವೆಂದು ಆಟೋದವನು ಹೊರಟ. ಧೂಳು ಎದ್ದು ಅಡಗುವಷ್ಟರಲ್ಲಿ ವಿಮಾನ ನೆಲ ಬಿಟ್ಟಿತ್ತು. ಶೆಡ್ಡಿನವರು ಕೂಗಿದರು, ಸೀಟಿ ಹೊಡೆದರು. ಆಟೋ ದೂರದ ತಿರುವಿನಲ್ಲಿ ಸಣ್ಣದಾಗಿ ಇನ್ನೂ ಕಾಣುತ್ತಿತ್ತು, ಮೋಟಾರು ಸೈಕಲ್ಲು ತೆಗೆದುಕೊಂಡು ಹೋಗಿದ್ದರೆ ಸಿಗುವಷ್ಟು ಹತ್ತಿರದಲ್ಲಿ. ಕಿಸೆಯಲ್ಲಿ ಕೀಲಿ ಇತ್ತು, ಅದನ್ನು ಹಿಡಿದುಕೊಂಡೇ ನಿಂತಿದ್ದ. ಹತ್ತು ನಿಮಿಷಕ್ಕೆ ವಿಮಾನ ಮೆತ್ತಗೆ ಇಳಿಯಿತು. ಶ್ರುತಿ ಮೇಡಂ ಅವನ ಹೆಸರು ಹಿಡಿದು ಕರೆದಳು. ಫೋಟೋಕ್ಕೆ ನಿಲ್ಲುವಾಗ ಅವನನ್ನು ನಡುವೆ ನಿಲ್ಲಿಸಿದರು.